ಪುಟ್ಟ ಕೈಗಳಿಗೆ ಕಡಲ ಬಣ್ಣ: ಒಂದರಿಂದ ಐದು ವರ್ಷದ ಮಕ್ಕಳಿಗೆ ಸಮುದ್ರ ಜೀವಿಗಳ ಬಣ್ಣ ತುಂಬುವ ಚಟುವಟಿಕೆಗಳ ಸಮಗ್ರ ಮಾರ್ಗದರ್ಶಿ

ಬಣ್ಣ ತುಂಬಲು ಚಿತ್ರ ಆರಿಸುವಾಗ ಹಿರಿಯರು ಸಾಮಾನ್ಯವಾಗಿ ಮಗುವಿಗೆ ಯಾವ ಪ್ರಾಣಿ ಇಷ್ಟ ಎಂಬುದನ್ನಷ್ಟೇ ನೋಡುತ್ತಾರೆ. ಆ ಪ್ರಾಣಿಯ ಮೈ ಯಾವ ಬಗೆಯ ಗೆರೆಗಳಿಂದ ಆಗಿದೆ, ಅಂಥ ಗೆರೆಯನ್ನು ಎಳೆಯಲು ಮಗುವಿನ ಕೈ ಈಗ ಸಿದ್ಧವಾಗಿದೆಯೇ ಎಂದು ನೋಡುವವರು ಕಡಿಮೆ. ಎರಡು ವರ್ಷದ ಮಗುವಿನ ಮುಂದೆ ಸಣಕಲು ಕಾಲುಗಳ ಜಿಂಕೆಯ ಚಿತ್ರವನ್ನಿಟ್ಟರೆ ಮಗು ಅದರ ಮೇಲೆ ನಾಲ್ಕು ಗೀಟು ಎಳೆದು ಎದ್ದುಹೋಗುತ್ತದೆ, ಹಿರಿಯರು ಮಗುವಿಗೆ ಆಸಕ್ತಿಯಿಲ್ಲವೆಂದು ತೀರ್ಮಾನಿಸುತ್ತಾರೆ. ಸಮುದ್ರ ಜೀವಿಗಳು ಈ ವಿಷಯದಲ್ಲಿ ಬಹಳ ಉದಾರಿಗಳು. ತಿಮಿಂಗಿಲವೆಂದರೆ ಹಾಳೆಯ ತುಂಬ ಹರಡಿದ ಒಂದು ದೊಡ್ಡ ಉಬ್ಬು. ಲೋಳೆಮೀನೆಂದರೆ ಅರ್ಧ ವೃತ್ತದಿಂದ ಇಳಿಬಿದ್ದ ಕೆಲವು ಎಳೆಗಳು. ಇನ್ನು ಸಮುದ್ರವೆಂದರೆ ಹೇಗೆ ಗೀಚಿದರೂ ಅಲೆಯೇ. ಆದ್ದರಿಂದ ಈ ಮಾರ್ಗದರ್ಶಿಯು ಪ್ರಾಣಿಗಳ ಪಟ್ಟಿಯಿಂದ ಆರಂಭವಾಗದೆ ಮಗುವಿನ ಕೈಯಿಂದ ಆರಂಭವಾಗುತ್ತದೆ. ಯಾವ ಕೈಗೆ ಯಾವ ಜೀವಿ ಎಂಬುದು ಸರಿಹೊಂದಿದರೆ ಉಳಿದ ಕೆಲಸ ಬಹುಮಟ್ಟಿಗೆ ತಾನಾಗಿಯೇ ನಡೆಯುತ್ತದೆ.

ಮೊದಲು ಕೈಯನ್ನು ನೋಡಿ

ಒಂದು ಖಾಲಿ ಹಾಳೆ ಮತ್ತು ಒಂದೇ ಒಂದು ದಪ್ಪ ಕ್ರೇಯಾನ್ ಕೊಟ್ಟು ಎರಡು ನಿಮಿಷ ಏನೂ ಹೇಳದೆ ಗಮನಿಸಿ. ಒಂದರಿಂದ ಒಂದೂವರೆ ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದಲೇ ಇಡೀ ತೋಳನ್ನು ಆಡಿಸುತ್ತದೆ. ಎರಡರಿಂದ ಮೂರು ವರ್ಷದ ನಡುವೆ ಅಂಗೈ ಕೆಳಮುಖವಾಗಿ, ಬೆರಳುಗಳು ಕ್ರೇಯಾನಿನ ತುದಿಯ ಕಡೆಗೆ ಚಾಚಿಕೊಂಡಿರುತ್ತವೆ, ಚಲನೆ ಮೊಣಕೈಗೆ ಇಳಿದಿರುತ್ತದೆ. ಮೂರೂವರೆ, ನಾಲ್ಕರ ಸುಮಾರಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಹಿಡಿತ ಕಾಣಿಸಿಕೊಳ್ಳುತ್ತದೆಯಾದರೂ ಆಡುವುದು ಇನ್ನೂ ಮಣಿಕಟ್ಟೇ. ಬೆರಳುಗಳೇ ಸಣ್ಣದಾಗಿ ಆಡುತ್ತ ಗೆರೆಯನ್ನು ನಡೆಸುವುದು ಬಹುತೇಕ ಮಕ್ಕಳಲ್ಲಿ ನಾಲ್ಕೂವರೆಯಿಂದ ಆರು ವರ್ಷದ ನಡುವೆ. ಈ ವಯಸ್ಸುಗಳು ಅಂದಾಜಿನವು. ಒಂದೇ ಮನೆಯ ಇಬ್ಬರು ಮಕ್ಕಳಲ್ಲೂ ಆರು ತಿಂಗಳ ಹಿಂದುಮುಂದು ಇರಬಹುದು.

ಗೆರೆಗಳಿಗೂ ಇಂಥದೇ ಸರದಿಯಿದೆ. ಮೊದಲು ಗುರಿಯಿಲ್ಲದ ಗೀಚು, ಎರಡರ ಆಸುಪಾಸಿನಲ್ಲಿ ಮೇಲಿಂದ ಕೆಳಕ್ಕೆ ಎಳೆಯುವ ಗೆರೆ, ಆಮೇಲೆ ಅಡ್ಡಗೆರೆ, ಮೂರರ ಹೊತ್ತಿಗೆ ನೋಡಿಕೊಂಡು ಬರೆಯುವ ವೃತ್ತ, ನಾಲ್ಕರ ಸುಮಾರಿಗೆ ಕೂಡು ಚಿಹ್ನೆ, ಅದಾದ ಮೇಲೆ ಚೌಕ, ಐದರ ಹೊತ್ತಿಗೆ ತ್ರಿಕೋನ. ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು 1947ರಲ್ಲಿ ಹಂತಗಳಾಗಿ ವಿಂಗಡಿಸಿದ ಕಲಾ ಶಿಕ್ಷಣತಜ್ಞ ವಿಕ್ಟರ್ ಲೊವೆನ್‌ಫೆಲ್ಡ್ ಸುಮಾರು ಎರಡರಿಂದ ನಾಲ್ಕು ವರ್ಷದವರೆಗಿನ ಅವಧಿಯನ್ನು ಗೀಚುವ ಹಂತವೆಂದೇ ಕರೆದರು. ಮಕ್ಕಳ ಚಿತ್ರಗಳನ್ನು ರಾಶಿ ರಾಶಿಯಾಗಿ ಸಂಗ್ರಹಿಸಿ ಅಧ್ಯಯನ ಮಾಡಿದ ರೋಡಾ ಕೆಲಾಗ್ ಆ ಗೀಚುಗಳಲ್ಲಿ 20 ಮೂಲ ಗುರುತುಗಳನ್ನು ಎಣಿಸಿದರು. ನಮ್ಮ ಕಣ್ಣಿಗೆ ಕಲಸುಮೇಲೋಗರವಾಗಿ ಕಾಣುವ ಗೀಚಿನೊಳಗೂ ಒಂದು ಕ್ರಮವಿದೆ ಎಂಬುದು ಗೊತ್ತಿದ್ದರೆ, ಮಗು ಗೆರೆಯ ಆಚೆಗೆ ಬಣ್ಣ ಎಳೆದಾಗ ಕೈ ಹಿಡಿದು ತಿದ್ದುವ ಆತುರ ಕಡಿಮೆಯಾಗುತ್ತದೆ.

ಸಾಮಗ್ರಿ

ಮೂರು ವರ್ಷದೊಳಗಿನ ಮಕ್ಕಳಿಗೆ ಸುಮಾರು ಬೆರಳಿನಷ್ಟು ದಪ್ಪದ, ನೀರಿನಲ್ಲಿ ತೊಳೆದರೆ ಹೋಗುವ ಕ್ರೇಯಾನ್‌ಗಳು ಸಾಕು. ಪೊಟ್ಟಣದಲ್ಲಿ 24 ಬಣ್ಣಗಳಿದ್ದರೂ ಮಗುವಿನ ಮುಂದೆ ಇಡಬೇಕಾದದ್ದು ಮೂರೋ ನಾಲ್ಕೋ. ಹೆಚ್ಚು ಬಣ್ಣಗಳಿದ್ದಾಗ ಪುಟ್ಟ ಮಕ್ಕಳು ಬಣ್ಣ ಹಚ್ಚುವುದಕ್ಕಿಂತ ಪೊಟ್ಟಣವನ್ನು ಖಾಲಿ ಮಾಡುವುದರಲ್ಲೇ ಸಮಯ ಕಳೆಯುತ್ತಾರೆ. ಅದೂ ಒಂದು ಆಟವೇ, ಆದರೆ ಬೇರೆ ಆಟ.

ಕ್ರೇಯಾನಿನ ಉದ್ದದ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ತುಂಡು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವಿಲ್ಲದ ಕಾರಣ ಮಗು ಅನಿವಾರ್ಯವಾಗಿ ಬೆರಳ ತುದಿಗಳಿಂದ ಹಿಡಿಯುತ್ತದೆ. ಮೂರು ಬೆರಳಿನ ಹಿಡಿತ ಬರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅದೇ ತುಂಡು ಬಾಯಿಗೆ ಹೋದರೆ ಉಸಿರುಗಟ್ಟಿಸಬಲ್ಲದು. ಆಟಿಕೆಗಳ ಸುರಕ್ಷತೆ ಪರೀಕ್ಷಿಸಲು ಬಳಸುವ ಕೊಳವೆಯ ಅಗಲ ಸುಮಾರು 32 ಮಿಲಿಮೀಟರ್, ಆಳ ಹೆಚ್ಚೆಂದರೆ 57 ಮಿಲಿಮೀಟರ್. ಅದರೊಳಗೆ ಪೂರ್ತಿ ಹಿಡಿಸುವ ಯಾವುದೇ ವಸ್ತು ಮೂರು ವರ್ಷದೊಳಗಿನವರಿಗೆ ಅಪಾಯಕಾರಿ ಎಂದು ಪರಿಗಣಿಸಲಾಗುತ್ತದೆ. ಹಾಗಾಗಿ ಮೂರು ತುಂಬುವವರೆಗೆ ಆರು ಸೆಂಟಿಮೀಟರಿಗಿಂತ ಗಿಡ್ಡವಾದ ತುಂಡುಗಳನ್ನು ಎತ್ತಿಡಿ, ಮೂರರ ನಂತರ, ವಸ್ತುಗಳನ್ನು ಬಾಯಿಗೆ ಹಾಕುವ ಅಭ್ಯಾಸ ನಿಂತಿದೆ ಎಂದು ಖಚಿತವಾದ ಮೇಲೆ, ಅವನ್ನೇ ಉದ್ದೇಶಪೂರ್ವಕವಾಗಿ ಮುರಿದು ಕೊಡಿ. ಮಾರ್ಕರ್‌ಗಳ ಮುಚ್ಚಳಕ್ಕೂ ಇದೇ ಎಚ್ಚರ ಬೇಕು: ಮುಚ್ಚಳ ತೆಗೆದು ನಿಮ್ಮ ಬಳಿಯೇ ಇಟ್ಟುಕೊಂಡು ಮಾರ್ಕರನ್ನು ಮಾತ್ರ ಮಗುವಿಗೆ ಕೊಡಿ.

ಬಣ್ಣಗಳ ಮೇಲೆ ವಿಷರಹಿತ ಎಂಬ ಬರಹವನ್ನು ನೋಡಿ ಕೊಳ್ಳುವುದು ಸರಿ, ಅದರ ಜೊತೆಗೆ ಇಎನ್ 71-3 ಅಥವಾ ಎಎಸ್‌ಟಿಎಂ ಡಿ-4236 ಎಂಬ ಗುರುತಿದೆಯೇ ಎಂದೂ ನೋಡಿ. ಮೊದಲನೆಯದು ಆಟಿಕೆಗಳಿಂದ ಸೀಸದಂತಹ ಧಾತುಗಳು ಎಷ್ಟು ಹೊರಬರಬಹುದು ಎಂಬ ಮಿತಿಗೆ, ಎರಡನೆಯದು ಕಲಾ ಸಾಮಗ್ರಿಗಳಲ್ಲಿನ ದೀರ್ಘಕಾಲೀನ ಅಪಾಯಗಳನ್ನು ಪೊಟ್ಟಣದ ಮೇಲೆ ನಮೂದಿಸುವುದಕ್ಕೆ ಸಂಬಂಧಿಸಿದ ಮಾನದಂಡ. ಹಾಳೆಯ ವಿಷಯಕ್ಕೆ ಬಂದರೆ, ಕ್ರೇಯಾನಿಗೆ ಸಾಮಾನ್ಯ 80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂಬ ಅಳತೆ) ಹಾಳೆ ನಡೆಯುತ್ತದೆ; ನೀರು ತಾಗುವ ಯಾವುದೇ ಕೆಲಸಕ್ಕೆ 160ರಿಂದ 200 ಜಿಎಸ್‌ಎಂ ಬೇಕೇ ಬೇಕು, ಇಲ್ಲವಾದರೆ ಹಾಳೆ ಸುರುಳಿ ಸುತ್ತಿಕೊಂಡು ಹರಿಯುತ್ತದೆ. ಅಳತೆಯಲ್ಲಿ ಎ4 ಚಿಕ್ಕದಾಯಿತು. ಭುಜದಿಂದ ಗೆರೆ ಎಳೆಯುವ ಮಗುವಿಗೆ ಎ3, ಅಂದರೆ 297 × 420 ಮಿಲಿಮೀಟರ್, ಕನಿಷ್ಠ ಅಗತ್ಯ. ಹಾಳೆಯ ನಾಲ್ಕೂ ಮೂಲೆಗಳನ್ನು ಮಾಸ್ಕಿಂಗ್ ಟೇಪಿನಿಂದ ಮೇಜಿಗೋ ನೆಲಕ್ಕೋ ಅಂಟಿಸಿ. ಜಾರುವ ಹಾಳೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬರೆಯುವ ಚಾಕಚಕ್ಯತೆ ಬರುವುದು ತಡವಾಗಿ. ವಾರಕ್ಕೊಮ್ಮೆಯಾದರೂ ಹಾಳೆಯನ್ನು ಗೋಡೆಗೆ, ಮಗುವಿನ ಎದೆಯ ಎತ್ತರಕ್ಕೆ ಅಂಟಿಸಿ ನೋಡಿ. ನಿಂತು ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುವುದರಿಂದ ಬೆರಳ ಹಿಡಿತಕ್ಕೆ ಬೇಕಾದ ಭಂಗಿ ಸಿಗುತ್ತದೆ.

ಚಿತ್ರವನ್ನು ನೀವೇ ಬರೆಯಿರಿ

ಸಿದ್ಧ ಚಿತ್ರಗಳನ್ನು ಮುದ್ರಿಸಿಕೊಳ್ಳುವುದು ಸುಲಭ, ಆದರೆ ಅವುಗಳಲ್ಲಿ ಬಹುಪಾಲು ಚಿತ್ರಗಳಲ್ಲಿ ವಿವರಗಳು ಅತಿಯಾಗಿರುತ್ತವೆ. ಮೀನಿನ ಒಂದೊಂದು ಹುರುಪೆಯನ್ನೂ ಬಿಡಿಸಿದ ಚಿತ್ರ ಎಂಟು ವರ್ಷದವರಿಗೆ ಸರಿ, ಮೂರು ವರ್ಷದವರಿಗೆ ಅದೊಂದು ಶಿಕ್ಷೆ. ಕಪ್ಪು ದಪ್ಪ ಮಾರ್ಕರಿನಿಂದ ನೀವೇ ಬರೆದರೆ ಗೆರೆಯ ದಪ್ಪವೂ ಖಾಲಿ ಜಾಗಗಳ ಸಂಖ್ಯೆಯೂ ನಿಮ್ಮ ಕೈಯಲ್ಲಿರುತ್ತವೆ. ಎರಡರಿಂದ ಮೂರು ವರ್ಷದವರಿಗೆ ಹೊರಗೆರೆ ಐದಾರು ಮಿಲಿಮೀಟರ್ ದಪ್ಪವಿರಲಿ, ಬಣ್ಣ ತುಂಬಬೇಕಾದ ಜಾಗ ಒಂದೋ ಎರಡೋ ಇರಲಿ. ನಾಲ್ಕು ವರ್ಷದವರಿಗೆ ಮೂರು ಮಿಲಿಮೀಟರ್ ಗೆರೆ, ಐದಾರು ಜಾಗಗಳು. ಚಿತ್ರಕಲೆ ಬಾರದೆಂಬ ಅಳುಕು ಬೇಡ, ಏಕೆಂದರೆ ಇಲ್ಲಿ ಬೇಕಾಗುವುದು ಮೊಟ್ಟೆ, ಅರ್ಧ ವೃತ್ತ ಮತ್ತು ಅಲೆಗೆರೆ ಮಾತ್ರ.

ಆದರೂ ಕೆಲವು ಅಂಗರಚನೆಯ ಸಂಗತಿಗಳನ್ನು ಸರಿಯಾಗಿ ಬರೆಯುವುದು ಒಳ್ಳೆಯದು. ಮಗು ಬಣ್ಣವನ್ನು ಹೇಗೆ ಬೇಕಾದರೂ ಹಚ್ಚಲಿ, ನಾವು ಕೊಡುವ ಆಕಾರ ಸುಳ್ಳಾಗಬಾರದು. ಮೀನಿನ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಬಲಕ್ಕೆ ಆಡುತ್ತದೆ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಬಾಲ ಮಲಗಿರುತ್ತದೆ, ಮೇಲೆ ಕೆಳಗೆ ಆಡುತ್ತದೆ. ಇವೆರಡೂ ಸಸ್ತನಿಗಳಾದ್ದರಿಂದ ಅವುಗಳಿಗೆ ಕಿವಿರು ಬರೆಯಬೇಡಿ, ನೆತ್ತಿಯ ಮೇಲೊಂದು ಉಸಿರ ರಂಧ್ರ ಬರೆಯಿರಿ. ಏಡಿಗೆ ಕೊಂಡಿಗಳೂ ಸೇರಿ ಹತ್ತು ಕಾಲು, ಆಕ್ಟೋಪಸ್‌ಗೆ ಎಂಟು ತೋಳು, ಬಹುತೇಕ ನಕ್ಷತ್ರಮೀನುಗಳಿಗೆ ಐದು. ಎಣಿಕೆ ಕಲಿಯುತ್ತಿರುವ ಮಗು ಇವನ್ನು ಎಣಿಸಿಯೇ ಎಣಿಸುತ್ತದೆ, ಏಳು ತೋಳಿನ ಆಕ್ಟೋಪಸ್ ಬರೆದು ಸಿಕ್ಕಿಬೀಳುವುದು ನೀವೇ.

ಒಂದರಿಂದ ಎರಡು ವರ್ಷ: ಪ್ರಾಣಿ ಬೇಡ, ನೀರು ಸಾಕು

ಈ ವಯಸ್ಸಿನಲ್ಲಿ ಬಣ್ಣ ತುಂಬುವುದು ಎಂಬ ಕಲ್ಪನೆಯೇ ಮಗುವಿಗಿಲ್ಲ. ಕೈ ಆಡಿಸಿದರೆ ಹಾಳೆಯ ಮೇಲೆ ಗುರುತು ಮೂಡುತ್ತದೆ ಎಂಬುದೇ ಅದಕ್ಕೆ ದೊಡ್ಡ ಸೋಜಿಗ. ಎ3 ಹಾಳೆಯೊಂದನ್ನು ನೆಲಕ್ಕೆ ಅಂಟಿಸಿ, ನೀಲಿ ಮತ್ತು ಹಸಿರು ಕ್ರೇಯಾನ್ ಮಾತ್ರ ಕೊಟ್ಟು, ಮನಸ್ಸು ಬಂದಂತೆ ಗೀಚಲು ಬಿಡಿ. ಎರಡು ನಿಮಿಷಕ್ಕೆ ಎದ್ದುಹೋದರೆ ಹೋಗಲಿ. ಅದೇ ಹಾಳೆಯನ್ನು ಮರುದಿನ ಮತ್ತೆ ಹಾಸಿದರೆ ಗೀಚಿನ ಮೇಲೆ ಗೀಚು ಸೇರಿ ಮೂರ್ನಾಲ್ಕು ದಿನದಲ್ಲಿ ದಟ್ಟವಾದ ಸಮುದ್ರವಾಗುತ್ತದೆ. ಬೇರೆ ಬಣ್ಣದ ಹಾಳೆಯಲ್ಲಿ ಅಂಗೈಯಗಲದ ಎರಡು ಮೀನುಗಳನ್ನು ನೀವು ಕತ್ತರಿಸಿ ಅದರ ಮೇಲೆ ಅಂಟಿಸಿದಾಗ, ಮಗು ತಾನು ಮಾಡಿದ ನೀರಿನಲ್ಲಿ ಮೀನು ಈಜುವುದನ್ನು ನೋಡುತ್ತದೆ. ಕ್ರೇಯಾನನ್ನು ಬಾಯಿಗೆ ಹಾಕಿಕೊಳ್ಳುವುದು ನಿಂತಿರದಿದ್ದರೆ ಕುಂಚ ಮತ್ತು ಬರಿಯ ನೀರು ಕೊಡಿ: ಗಾಢ ಬಣ್ಣದ ದಪ್ಪ ರಟ್ಟಿನ ಮೇಲೆ ಒದ್ದೆ ಗುರುತು ಮೂಡಿ, ಒಣಗಿ, ಮಾಯವಾಗುವುದೇ ಸಾಕಷ್ಟು ಮನರಂಜನೆ.

ಎರಡರಿಂದ ಮೂರು: ಲೋಳೆಮೀನಿನ ಎಳೆಗಳು, ಮೀನಿನ ಗುಳ್ಳೆಗಳು

ಮೇಲಿಂದ ಕೆಳಕ್ಕೆ ಗೆರೆ ಎಳೆಯುವುದು ಬಂದ ವಾರವೇ ಲೋಳೆಮೀನಿನ ವಾರ. ಹಾಳೆಯ ಮೇಲ್ಭಾಗದಲ್ಲಿ ದೊಡ್ಡ ಕೊಡೆಯಂಥ ಅರ್ಧ ವೃತ್ತ ಬರೆದು ಕೊಡಿ. ಕೊಡೆಯೊಳಗೆ ಮಗು ಹೇಗಾದರೂ ಬಣ್ಣ ಹಚ್ಚಲಿ. ಆಮೇಲೆ ಕೊಡೆಯ ಅಂಚಿನಲ್ಲಿ ನೀವು ಐದಾರು ದೊಡ್ಡ ಚುಕ್ಕೆಗಳನ್ನಿಟ್ಟು, ಒಂದೊಂದರಿಂದಲೂ ಹಾಳೆಯ ತಳದವರೆಗೆ ಎಳೆ ಇಳಿಬಿಡಲು ಹೇಳಿ. ಗೆರೆ ಸೊಟ್ಟಗಾದಷ್ಟೂ ಲೋಳೆಮೀನು ನಿಜವಾಗುತ್ತದೆ. ಅದರ ಮೈಯ ಸುಮಾರು ಶೇ. 95ರಷ್ಟು ನೀರೇ ಆಗಿರುವುದರಿಂದ, ಮೂಳೆ, ಮಿದುಳು, ಹೃದಯ ಯಾವುದೂ ಇಲ್ಲದ್ದರಿಂದ, ನೀರಿನ ಸೆಳೆತಕ್ಕೆ ತಕ್ಕಂತೆ ಎಳೆಗಳು ಓಲಾಡುತ್ತಿರುತ್ತವೆ. ಇದಕ್ಕೆ ಹಾಡಿನಂಥ ಒಂದು ಮಾತು ಜೊತೆಗಿದ್ದರೆ ಕೈ ಸರಾಗವಾಗಿ ನಡೆಯುತ್ತದೆ: ಪ್ರತಿ ಗೆರೆಗೂ ಜಾ...ರಿ ಜಾರಿ ಎಂದರೂ ಸಾಕು.

ವೃತ್ತ ಸುತ್ತುವ ಹಂಬಲ ಶುರುವಾದಾಗ ಗುಳ್ಳೆಗಳಿಗೆ ಬನ್ನಿ. ಹಾಳೆಯ ಕೆಳಮೂಲೆಯಲ್ಲಿ ಬಾಯಿ ತೆರೆದ ಒಂದು ಮೀನನ್ನು ಬರೆದು, ಅದರ ಬಾಯಿಂದ ಮೇಲಕ್ಕೆ ಗುಳ್ಳೆಗಳು ಏರುವಂತೆ ಮಗುವಿನಿಂದ ಸುತ್ತಿಸಿ. ವೃತ್ತದ ಎರಡು ತುದಿ ಕೂಡದಿದ್ದರೂ ಚಿಂತೆಯಿಲ್ಲ. ನಿಜವಾದ ಮೀನುಗಳು ಕಿವಿರಿನಿಂದ ಉಸಿರಾಡುವುದರಿಂದ ಚಿತ್ರಗಳಲ್ಲಿರುವಂತೆ ಸದಾ ಗುಳ್ಳೆ ಬಿಡುವುದಿಲ್ಲ ಎಂಬುದು ನಿಜ. ಅದು ಕಾಡಿದರೆ ಮೀನಿನ ಜಾಗದಲ್ಲಿ ತಿಮಿಂಗಿಲವನ್ನು ಬರೆಯಿರಿ.

ಮೇಣ ಮತ್ತು ನೀರಿನ ಜಾದೂ

ಒಂದೇ ಒಂದು ಚಟುವಟಿಕೆ ಮಾಡಿಸಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನು. ಎರಡೂವರೆಯಿಂದ ಐದು ವರ್ಷದವರೆಗೆ ಎಲ್ಲರಿಗೂ ಒಗ್ಗುತ್ತದೆ, ಗೆರೆಯೊಳಗೆ ಹಚ್ಚಬೇಕೆಂಬ ಹಂಗೂ ಇದಕ್ಕಿಲ್ಲ. ಕ್ರೇಯಾನಿನಲ್ಲಿರುವ ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ಮೇಣ ಹಚ್ಚಿದ ಜಾಗವನ್ನು ಬಿಟ್ಟು ಉಳಿದ ಹಾಳೆ ಮಾತ್ರ ಜಲವರ್ಣವನ್ನು ಹೀರಿಕೊಳ್ಳುತ್ತದೆ.

1. ದಪ್ಪ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಪೂರ್ತಿಯಾಗಿ ಅಂಟಿಸಿ, ಬರಿಯ ಮೂಲೆಗಳು ಸಾಲವು. ಒಣಗಿದ ಮೇಲೆ ಟೇಪು ಬಿಡಿಸಿದಾಗ ಚಿತ್ರದ ಸುತ್ತ ಬಿಳಿಯ ಚೌಕಟ್ಟೂ ಉಳಿಯುತ್ತದೆ.

2. ಬಿಳಿ ಕ್ರೇಯಾನಿನಿಂದ ಮೀನು, ನಕ್ಷತ್ರಮೀನು, ಗುಳ್ಳೆಗಳನ್ನು ನೀವು ಮೊದಲೇ ಬರೆದಿಡಿ. ಬಲವಾಗಿ ಒತ್ತಿ ಬರೆಯಬೇಕು. ತೆಳುವಾಗಿ ಎಳೆದ ಮೇಣದ ಸಂದುಗಳಲ್ಲಿ ನೀರು ನುಗ್ಗಿ ಚಿತ್ರ ಮಸುಕಾಗುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲಿ ಮೇಣ ಹತ್ತಿದೆ ಎಂಬುದು ಹೊಳೆಯುತ್ತದೆ.

3. ಮಗು ತನ್ನ ಪಾಲಿನ ಗೆರೆಗಳನ್ನು ಹಳದಿ, ಕಿತ್ತಳೆ, ಗುಲಾಬಿ ಕ್ರೇಯಾನಿನಿಂದ ಸೇರಿಸಲಿ. ನೀಲಿಯ ಮೇಲೆ ಎದ್ದು ಕಾಣುವುದು ಈ ಬಣ್ಣಗಳೇ.

4. ನೀಲಿ ಜಲವರ್ಣವನ್ನು ಬಟ್ಟಲಿನಲ್ಲಿ ಸಾಕಷ್ಟು ನೀರಾಗಿ ಕಲಸಿ. ಕುಂಚ ಎರಡು ಬೆರಳಿನಷ್ಟು ಅಗಲವಿರಲಿ. ಎಡದಿಂದ ಬಲಕ್ಕೆ ಹಚ್ಚಬೇಕೆಂದು ತೋರಿಸಿ ಕೈ ಬಿಡಿ. ಖಾಲಿ ಹಾಳೆಯಿಂದ ಬಿಳಿ ಮೀನು ಹೊರಬರುವ ಆ ಕ್ಷಣದಲ್ಲಿ ಮಗುವಿನ ಮುಖವನ್ನು ನೋಡಲು ಮರೆಯಬೇಡಿ.

5. ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದರೆ ಹಾಳೆಯ ಮೇಲ್ಪದರ ನೂಲುನೂಲಾಗಿ ಏಳುತ್ತದೆ. ಹಾಗಾಗುವ ಮೊದಲೇ ಕುಂಚವನ್ನು ಇನ್ನೊಂದು ಹಾಳೆಗೆ ತಿರುಗಿಸಿ. ಎರಡನೆಯ ಹಾಳೆ ಪಕ್ಕದಲ್ಲಿ ಸಿದ್ಧವಾಗಿರಲಿ.

ನಾಲ್ಕು ದಾಟಿದ ಮಕ್ಕಳಿಗೆ ಇನ್ನೊಂದು ಹೆಜ್ಜೆ ಸೇರಿಸಬಹುದು. ನೀಲಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿರುವಾಗ ಚಿಟಿಕೆ ಉಪ್ಪು ಉದುರಿಸಿದರೆ, ಪ್ರತಿ ಹರಳೂ ಸುತ್ತಲಿನ ನೀರನ್ನು ಹೀರಿಕೊಂಡು ತನ್ನ ಜಾಗದಲ್ಲಿ ಹಿಮದ ಹೂವಿನಂಥ ಗುರುತು ಬಿಡುತ್ತದೆ. ಕಲ್ಲುಪ್ಪು ದೊಡ್ಡ ಗುರುತನ್ನೂ ಪುಡಿ ಉಪ್ಪು ಸಣ್ಣ ಚುಕ್ಕೆಗಳನ್ನೂ ಕೊಡುತ್ತದೆ. ಹಾಳೆ ಪೂರ್ತಿ ಒಣಗಿದ ಮೇಲೆ ಉಪ್ಪನ್ನು ಒರೆಸಿ ತೆಗೆಯಿರಿ. ಇದಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನು ಮಾಡಿಸಬೇಡಿ, ಏಕೆಂದರೆ ಅವರ ಮಟ್ಟಿಗೆ ಉಪ್ಪೆಂದರೆ ತಿನ್ನುವ ವಸ್ತು.

ಮೂರರಿಂದ ನಾಲ್ಕು: ಬೆರಳಿಗೆ ತಾಗುವ ಗಡಿ

ಗೆರೆಯ ಒಳಗೇ ಬಣ್ಣ ಹಚ್ಚು ಎಂದು ಹೇಳಿ ಕಲಿಸುವುದಕ್ಕಿಂತ ಗೆರೆಯನ್ನೇ ಗೋಡೆಯಾಗಿಸುವುದು ಮೇಲು. ಕಡಲಾಮೆಯ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಗೆರೆಗಳ ಮೇಲೆಲ್ಲ ಬಿಳಿ ಅಂಟನ್ನು ದಾರದಂತೆ ಹರಿಸಿ ಒಂದು ರಾತ್ರಿ ಒಣಗಲು ಬಿಡಿ. ಬೆಳಗಾಗುವಷ್ಟರಲ್ಲಿ ಅಂಟು ಗಟ್ಟಿಯಾಗಿ ಉಬ್ಬಿದ ಏರಿಯಾಗಿರುತ್ತದೆ. ಕ್ರೇಯಾನ್ ಆ ಏರಿಗೆ ತಾಗಿದಾಗ ಕೈಗೆ ತಡೆ ತಿಳಿಯುತ್ತದೆ, ಯಾರೂ ಗದರಬೇಕಾಗಿಲ್ಲ.

ಕಡಲಾಮೆಯನ್ನೇ ಆರಿಸುವುದಕ್ಕೆ ಕಾರಣವಿದೆ. ಹಸಿರು ಕಡಲಾಮೆಯ ಬೆನ್ನಿನ ನಡುಸಾಲಿನಲ್ಲಿ 5 ದೊಡ್ಡ ಫಲಕಗಳು, ಅವುಗಳ ಎರಡೂ ಪಕ್ಕದಲ್ಲಿ ತಲಾ 4, ಒಟ್ಟು 13. ಪ್ರತಿಯೊಂದೂ ಮುಚ್ಚಿದ ಒಂದು ಪುಟ್ಟ ಕೋಣೆಯಂತಿರುವುದರಿಂದ ಮಗು ದಿನಕ್ಕೆ ಎರಡೋ ಮೂರೋ ಫಲಕ ತುಂಬಿ ನಿಲ್ಲಿಸಬಹುದು, ಅರ್ಧಕ್ಕೆ ಬಿಟ್ಟ ಭಾವನೆ ಬರುವುದಿಲ್ಲ. ಮೂರು ವರ್ಷದವರಿಗೆ 13 ಹೆಚ್ಚೆನಿಸಿದರೆ ನಡುಸಾಲಿನ ಐದನ್ನು ಮಾತ್ರ ಬರೆಯಿರಿ. ಹಸಿರು ಕಡಲಾಮೆಗೆ ಆ ಹೆಸರು ಬಂದದ್ದು ಅದರ ಮೈಯೊಳಗಿನ ಕೊಬ್ಬಿನ ಬಣ್ಣದಿಂದ. ಚಿಪ್ಪು ಸಾಮಾನ್ಯವಾಗಿ ಕಂದು ಅಥವಾ ಕಂದುಮಿಶ್ರಿತ ಹಸಿರು. ಹಾಗಾಗಿ ಮಗು ಕಂದು ಬಣ್ಣ ಹಚ್ಚಿದರೆ ಹಸಿರಲ್ಲವೇ ಎಂದು ತಿದ್ದಹೊರಟವರೇ ತಪ್ಪು.

ಅಚ್ಚೊತ್ತುವ ಕೆಲಸಕ್ಕೂ ಇದೇ ವಯಸ್ಸು ಒಳ್ಳೆಯದು. ಎರಡೂ ಅಂಗೈಗಳಿಗೆ ಬಣ್ಣ ಹಚ್ಚಿ, ಹೆಬ್ಬೆರಳುಗಳನ್ನು ಮೇಲ್ಮುಖವಾಗಿ ಒಂದಕ್ಕೊಂದು ತಾಗಿಸಿ, ಉಳಿದ ಬೆರಳುಗಳನ್ನು ಪಕ್ಕಕ್ಕೆ ಚಾಚಿ ಒತ್ತಿದರೆ ಏಡಿಯಾಗುತ್ತದೆ: ಎಂಟು ಬೆರಳು ಅದರ ಎಂಟು ನಡೆಗಾಲುಗಳು, ಎರಡು ಹೆಬ್ಬೆರಳು ಕಣ್ಣಿನ ದಂಟುಗಳು. ಎರಡು ಕೊಂಡಿಗಳನ್ನು ನೀವು ಬರೆದು ಸೇರಿಸಿ. ಹೆಬ್ಬೆರಳುಗಳನ್ನು ಮಡಚಿ, ಬೆರಳುಗಳನ್ನು ಕೆಳಮುಖ ಮಾಡಿ, ಎರಡು ಅಂಗೈಗಳೂ ಒಂದರ ಮೇಲೊಂದು ಬರುವಂತೆ ಒತ್ತಿದರೆ ಎಂಟು ತೋಳಿನ ಆಕ್ಟೋಪಸ್. ತೋಳುಗಳ ಮೇಲಿನ ಹೀರುಬಟ್ಟಲುಗಳಿಗೆ ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಣ್ಣದಲ್ಲಿ ಅದ್ದಿ ಒತ್ತಬಹುದು. ಅಂಗೈಗೆ ಬಣ್ಣ ತಾಗುವುದನ್ನೇ ಸಹಿಸದ ಮಕ್ಕಳಿದ್ದಾರೆ. ಅವರನ್ನು ಒತ್ತಾಯಿಸದೆ ಕೈಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಅದರೊಳಗೆ ಬಣ್ಣ ತುಂಬಲು ಕೊಡಿ.

ಆಕ್ಟೋಪಸ್‌ಗೆ ಯಾವ ಬಣ್ಣ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದರ ಚರ್ಮದಲ್ಲಿ ಬಣ್ಣ ತುಂಬಿದ ಸಾವಿರಾರು ಸೂಕ್ಷ್ಮ ಚೀಲಗಳಿವೆ. ಸುತ್ತಲಿನ ಸ್ನಾಯುಗಳು ಎಳೆದಾಗ ಚೀಲ ಹರಡಿ ಬಣ್ಣ ಗಾಢವಾಗುತ್ತದೆ, ಬಿಟ್ಟಾಗ ಕುಗ್ಗಿ ಬಣ್ಣ ಅಡಗುತ್ತದೆ. ಕ್ಷಣಾರ್ಧದಲ್ಲಿ ಬಣ್ಣ ಬದಲಿಸುವ ಈ ಜೀವಿಗೆ ಮಗು ಯಾವ ಬಣ್ಣ ಹಚ್ಚಿದರೂ ಆಕ್ಷೇಪಿಸಲು ಕಾರಣವಿಲ್ಲ. ಅದರ ರಕ್ತದಲ್ಲಿ ತಾಮ್ರವಿರುವುದರಿಂದ ರಕ್ತ ನೀಲಿ, ಹೃದಯ ಮೂರು. ಎದೆಯೊಳಗೆ ಮೂರು ನೀಲಿ ಹೃದಯ ಬರೆಯಬೇಕೆಂದು ಹಟ ಹಿಡಿಯುವ ಮಕ್ಕಳು ಸಿಕ್ಕೇ ಸಿಗುತ್ತಾರೆ.

ನಾಲ್ಕರಿಂದ ಐದು: ಬಣ್ಣಕ್ಕೊಂದು ಕಾರಣ

ಈ ವಯಸ್ಸಿಗೆ ಮಗು ಏಕೆ ಎಂದು ಕೇಳಲು ಆರಂಭಿಸಿರುತ್ತದೆ, ಬಣ್ಣ ತುಂಬುವಿಕೆಯೂ ಆ ಪ್ರಶ್ನೆಯ ಬೆನ್ನು ಹತ್ತಬಹುದು. ಶಾರ್ಕ್‌ನ ಚಿತ್ರವನ್ನು ಬರೆದು, ಮೂತಿಯಿಂದ ಬಾಲದವರೆಗೆ ಹೊಟ್ಟೆ ಬೆನ್ನುಗಳನ್ನು ಬೇರ್ಪಡಿಸುವ ಒಂದು ಗೆರೆ ಎಳೆಯಿರಿ. ಬೆನ್ನಿಗೆ ಗಾಢ ಬೂದು, ಹೊಟ್ಟೆಗೆ ಬಿಳಿ. ಮೇಲಿನಿಂದ ನೋಡುವವರಿಗೆ ಗಾಢ ಬೆನ್ನು ಕೆಳಗಿನ ಕತ್ತಲ ನೀರಿನಲ್ಲಿ ಬೆರೆತುಹೋಗುತ್ತದೆ, ಕೆಳಗಿನಿಂದ ನೋಡುವವರಿಗೆ ಬಿಳಿ ಹೊಟ್ಟೆ ಮೇಲಿನ ಬೆಳಕಿನಲ್ಲಿ ಮಾಯವಾಗುತ್ತದೆ. ಹಾಳೆಯ ಮೇಲರ್ಧಕ್ಕೆ ತಿಳಿನೀಲಿ, ಕೆಳಗರ್ಧಕ್ಕೆ ಕಡುನೀಲಿ ಹಚ್ಚಿಸಿ, ಕತ್ತರಿಸಿದ ಶಾರ್ಕನ್ನು ಅದರ ಮೇಲೆ ಓಡಾಡಿಸಿದರೆ ಮಾತಿನ ವಿವರಣೆಯೇ ಬೇಕಾಗುವುದಿಲ್ಲ. ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟಿಗಳಿರುವ ಕೋಡಂಗಿ ಮೀನು ಪಟ್ಟಿ ಬಿಟ್ಟು ಬಣ್ಣ ಹಚ್ಚುವ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಸಮುದ್ರ ಕುದುರೆಯ ಸುರುಳಿ ಬಾಲ ಬೆರಳ ಚಲನೆ ಬಂದವರಿಗೆ ಮಾತ್ರ; ಅದರ ಹೊಟ್ಟೆಯ ಚೀಲದಲ್ಲಿ ಪುಟ್ಟ ಮರಿಗಳನ್ನು ಬರೆದು, ಅವನ್ನು ಹೊತ್ತಿರುವುದು ಅಪ್ಪ ಎಂದು ಹೇಳಲು ಮರೆಯದಿರಿ.

ಇನ್ನೊಂದು ಪ್ರಯೋಗ ನನಗೆ ಬಹಳ ಮೆಚ್ಚಿನದು. ಬಿಳಿ ಹಾಳೆಯ ಮೇಲೆ ಮಗು ಒಂದು ಕಡುಗೆಂಪು ಮೀನನ್ನೂ ಒಂದು ನೀಲಿ ಮೀನನ್ನೂ ಬಣ್ಣ ತುಂಬಿ ಮುಗಿಸಲಿ. ಅದರ ಮೇಲೆ ನೀಲಿ ಬಣ್ಣದ ಪಾರದರ್ಶಕ ಹಾಳೆಯನ್ನು ಎರಡು ಮೂರು ಮಡಿಕೆಯಾಗಿ ಇಡಿ. ಕೆಂಪು ಮೀನು ಕಪ್ಪಾಗಿಬಿಡುತ್ತದೆ. ಸಮುದ್ರದ ನೀರು ಬೆಳಕಿನ ಬಣ್ಣಗಳಲ್ಲಿ ಕೆಂಪನ್ನೇ ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಕೆಂಪು ಬೆಳಕು ತಲುಪದ ಆಳದಲ್ಲಿ ಕೆಂಪು ಜೀವಿಗಳು ಕಪ್ಪಾಗಿ ಕಂಡು ಕಣ್ತಪ್ಪಿಸುತ್ತವೆ, ಆಳದ ನೀರಿನ ಅನೇಕ ಪ್ರಾಣಿಗಳು ಕೆಂಪಾಗಿರುವುದರ ಗುಟ್ಟು ಇದೇ. ಇದನ್ನು ಕಂಡ ನಾಲ್ಕೂವರೆ ವರ್ಷದ ಮಗುವೊಂದು ಮರುದಿನ ಇಡೀ ಹಾಳೆಗೆ ಕಪ್ಪು ಬಳಿದು, ಇದು ತುಂಬಾ ಕೆಳಗಿನ ಸಮುದ್ರ, ಮೀನು ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ ಎಂದು ಹೇಳಿತು. 1,000 ಮೀಟರಿಗಿಂತ ಕೆಳಗೆ ಸೂರ್ಯನ ಬೆಳಕು ತಲುಪುವುದೇ ಇಲ್ಲವಾದ್ದರಿಂದ ಆ ಚಿತ್ರದಲ್ಲಿ ತಿದ್ದಲು ಏನೂ ಇರಲಿಲ್ಲ.

ಹಲವು ಮಕ್ಕಳು ಒಟ್ಟಿಗಿದ್ದರೆ ತಿಮಿಂಗಿಲವನ್ನು ಕೈಗೆತ್ತಿಕೊಳ್ಳಿ. ನೀಲಿ ತಿಮಿಂಗಿಲ ಸುಮಾರು 30 ಮೀಟರಿನವರೆಗೂ ಬೆಳೆಯುತ್ತದೆ, ಅಷ್ಟು ಕಾಗದವನ್ನು ಹಾಸಲು ಜಾಗ ಸಿಗುವುದು ಕಷ್ಟ. ಆದರೆ ಆಗತಾನೇ ಹುಟ್ಟಿದ ಅದರ ಮರಿ ಸುಮಾರು 7 ಮೀಟರ್. ಅಷ್ಟು ಉದ್ದಕ್ಕೆ ಹಾಳೆಗಳನ್ನು ಜೋಡಿಸಿ ನೆಲದ ಮೇಲೆ ಹಾಸಿ, ಹೊರಗೆರೆ ಬರೆದು, ಮಕ್ಕಳನ್ನು ಎರಡೂ ಬದಿಗೆ ಕೂರಿಸಿ. ಸ್ಪಂಜಿನ ತುಂಡುಗಳನ್ನು ಬೂದು ಮತ್ತು ನೀಲಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಬೇಗ ತುಂಬುತ್ತದೆ. ಒಂದೂವರೆ ವರ್ಷದವರಿಂದ ಐದು ವರ್ಷದವರವರೆಗೆ ಒಂದೇ ಚಿತ್ರದಲ್ಲಿ ಪಾಲುಗೊಳ್ಳಬಹುದಾದ ಕೆಲಸ ಬಹುಶಃ ಇದೊಂದೇ.

ಜೊತೆಗೆ ಕುಳಿತವರ ಮಾತು

ಇದು ಏನು ಎಂದು ಕೇಳಬೇಡಿ. ಗೀಚುವಾಗ ಮಗುವಿನ ಮನಸ್ಸಿನಲ್ಲಿ ಯಾವ ಪ್ರಾಣಿಯೂ ಇದ್ದಿರಲಾರದು, ಆ ಪ್ರಶ್ನೆಗೆ ಉತ್ತರಿಸಲೇಬೇಕಾದ ಇಕ್ಕಟ್ಟಿಗೆ ಅದು ಸಿಲುಕುತ್ತದೆ. ಇದರ ಬಗ್ಗೆ ನನಗೆ ಹೇಳುತ್ತೀಯಾ ಎಂದು ಕೇಳಿದರೆ ಹೇಳುವುದೂ ಬಿಡುವುದೂ ಮಗುವಿಗೆ ಬಿಟ್ಟದ್ದು. ಚೆನ್ನಾಗಿದೆ ಎಂಬ ಒಂದೇ ಹೊಗಳಿಕೆಯನ್ನು ಹಾಳೆಯಿಂದ ಹಾಳೆಗೆ ಹಂಚುವ ಬದಲು ಕಂಡದ್ದನ್ನು ಹೇಳಿ: ಈ ಮೂಲೆಯಲ್ಲಿ ತುಂಬ ಒತ್ತಿ ಹಚ್ಚಿದ್ದೀಯ, ಇಲ್ಲಿ ಹಳದಿಯ ಮೇಲೆ ನೀಲಿ ಬಂದು ಹಸಿರಾಗಿದೆ. ಮಗುವಿನ ಹಾಳೆಯ ಮೇಲೆ ನಿಮ್ಮ ಕೈಯಿಂದ ಒಂದು ಗೆರೆಯನ್ನೂ ತಿದ್ದಬೇಡಿ. ತೋರಿಸಿಕೊಡಲೇಬೇಕಿದ್ದರೆ ಪಕ್ಕದಲ್ಲಿ ನಿಮ್ಮದೇ ಹಾಳೆ ಇಟ್ಟುಕೊಂಡು ಅದರಲ್ಲಿ ಬರೆಯಿರಿ. ಎಡಗೈಯಲ್ಲಿ ಬರೆಯುವ ಮಗುವಿನ ಕ್ರೇಯಾನನ್ನು ಬಲಗೈಗೆ ಬದಲಿಸುವುದಂತೂ ಸಲ್ಲದು.

ಕುಳಿತುಕೊಳ್ಳಲೇ ಒಲ್ಲದ ಮಗುವಿಗೆ ಕುರ್ಚಿಯೇ ಅಡ್ಡಿಯಾಗಿರಬಹುದು. ನೆಲದ ಮೇಲೆ ಹೊಟ್ಟೆ ಊರಿ ಮಲಗಿ ಬರೆಯಲಿ, ಅಥವಾ ಗೋಡೆಯ ಮುಂದೆ ನಿಲ್ಲಲಿ. ಸದಾ ಒಂದೇ ಬಣ್ಣ ಬಳಸುವ ಮಗುವಿಗೆ ಅದೇ ಬಣ್ಣದ ಮೂರು ಛಾಯೆಗಳನ್ನು ಕೊಟ್ಟು ನೋಡಿ. ಹಾಳೆಯನ್ನು ತೂತಾಗುವಂತೆ ಒತ್ತುವ ಮಗುವಿಗೆ ರಟ್ಟು ಕೊಡಿ, ಕ್ರೇಯಾನ್ ತಾಗಿಯೂ ತಾಗದಂತೆ ಎಳೆಯುವ ಮಗುವಿಗೆ ಒತ್ತಡವಿಲ್ಲದೆಯೂ ಗಾಢವಾಗಿ ಮೂಡುವ ಮಾರ್ಕರ್ ಕೊಡಿ. ನಾಲ್ಕು ದಾಟಿದ ಮೇಲೂ ಬಹಳ ಕಾಲ ಮುಷ್ಟಿಯ ಹಿಡಿತವೇ ಉಳಿದಿದ್ದರೆ, ಅಥವಾ ಮೊದಲು ಬರುತ್ತಿದ್ದ ಗೆರೆಗಳು ನಿಂತುಹೋದರೆ, ಮಕ್ಕಳ ವೈದ್ಯರ ಬಳಿ ಒಮ್ಮೆ ಪ್ರಸ್ತಾಪಿಸಿ.

ಮುಗಿದ ಮೇಲೆ

ಒದ್ದೆ ಚಿತ್ರಗಳನ್ನು ಸಮತಟ್ಟಾದ ಜಾಗದಲ್ಲೇ ಒಣಗಿಸಿ, ನೇತುಹಾಕಿದರೆ ಬಣ್ಣ ಕೆಳಕ್ಕೆ ಜಾರುತ್ತದೆ. ಅಂಚು ಸುರುಳಿಯಾದ ಹಾಳೆಯನ್ನು ಪೂರ್ತಿ ಒಣಗಿದ ನಂತರ ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ದಿನ ಇಟ್ಟರೆ ನೆಟ್ಟಗಾಗುತ್ತದೆ. ಮೇಜಿಗೆ ಹತ್ತಿದ ಕ್ರೇಯಾನ್ ಗುರುತುಗಳನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮಗುವಿನ ಕೈಗೂ ಒಂದು ತುಂಡು ಬಟ್ಟೆ ಕೊಡಿ. ಒರೆಸುವುದು ಅದಕ್ಕೆ ಬಣ್ಣ ಹಚ್ಚುವಷ್ಟೇ ಪ್ರಿಯವಾದ ಕೆಲಸ. ಎಲ್ಲ ಹಾಳೆಗಳನ್ನೂ ಕೂಡಿಡಲು ಸಾಧ್ಯವಿಲ್ಲ. ತಿಂಗಳಿಗೆ ಒಂದೆರಡನ್ನು ಮಗುವಿನಿಂದಲೇ ಆರಿಸಿ, ಹಾಳೆಯ ಹಿಂದೆ ಪೆನ್ಸಿಲಿನಿಂದ ದಿನಾಂಕವನ್ನೂ ಮಗು ಅದಕ್ಕೆ ಕೊಟ್ಟ ಹೆಸರನ್ನೂ ಬರೆದಿಡಿ. ಮಾರ್ಕರಿನಿಂದ ಬರೆದರೆ ಶಾಯಿ ಮುಂದಿನ ಬದಿಗೆ ಇಳಿಯುತ್ತದೆ.